ಹದಿನಾಲ್ಕನೇ ಹಲಗೆ

“ಆ ಹಲಗೆ ಬಿಡಿ!”

ಆರ್ಡೆಲಾ ಕೂಗಿದ್ದಕ್ಕೆ, ದೋಣಿಕಟ್ಟೆಯ ಮೇಲೆ ಬಗ್ಗಿ ಮೊಳೆ ಕೀಳುತ್ತಿದ್ದವನು ತಲೆಯೆತ್ತಿದ. ಲೂಷನ್ ಟಾಲಿವರ್... “ಮುಂದಿನ ಬೇಸಿಗೆ ಬರ್ತೀನಿ, ಕಾಯ್ತಿರು” ಎಂದು ಇದೇ ಕಟ್ಟೆಯ ಮೇಲೆ ಅವಳ ಕೈ ಹಿಡಿದು ಹೇಳಿ, ನಾಲ್ಕು ಬೇಸಿಗೆ ಮುಖ ತೋರಿಸದ ಮಹಾನುಭಾವ.

“ನಮ್ಮನೆ ಹಲಗೆ ತಾನೇ ಆರ್ಡಿ?”

“ಗೊತ್ತು, ಟಾಲಿವರ್ ಅವರೇ. ಹದಿನಾಲ್ಕನೇದು.”

“ಲೂಷನ್ ಅನ್ನೋ ಹೆಸರು ಮರ್ತೋಯ್ತಾ?”

“ಕರೆಯೋಕೆ ಮನುಷ್ಯ ಇಲ್ದಿದ್ರೆ ಹೆಸರೂ ಮರ್ತೋಗುತ್ತೆ. ಮನೆ ಮಾರ್ತಿದ್ದೀರಾ?”

ಅವನು ತಲೆ ತಗ್ಗಿಸಿದ. “ಅಮ್ಮ ಮಾರೋಣ ಅಂತಿದ್ದಾರೆ. ಆದ್ರೆ...”

ಆ ‘ಆದ್ರೆ’ ಕೇಳಲು ಅವಳು ಅಲ್ಲಿರಲಿಲ್ಲ.

ಸಿಟ್ಟು ಯಾಕೆಂದು ನಮ್ಮ ಕ್ಯಾಲೆಬ್ ಕೆರೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಮಿಶಿಗನ್ನಿನ ಬೇರೆ ಕೆರೆಗಳಲ್ಲಿ ನಮ್ಮ ಕಪ್ಪು ಜನರನ್ನು ಕಾಲು ನೆನೆಸಲೂ ಬಿಡದ ಕಾಲದಲ್ಲಿ, ಡೆಟ್ರಾಯಿಟ್ ಕಡೆಯ ಮೂವತ್ತೊಂದು ಕುಟುಂಬಗಳು ಈ ದಡವನ್ನು ಕೊಂಡವು. ಮನೆಗೊಂದು ಹಲಗೆ ತಂದು ಕಟ್ಟೆ ಜೋಡಿಸಿದವು. ನೀರು ಹೆಪ್ಪುಗಟ್ಟುವ ಮುಂಚೆ ಅವರವರ ಹಲಗೆ ಬಿಚ್ಚಿ ಅವರವರ ಜಗಲಿ ಕೆಳಗೆ ಇಡಬೇಕು, ಜೂನಿನಲ್ಲಿ ಮತ್ತೆ ಹೊಡೆಯಬೇಕು. ಮನೆ ಮಾರಿದವರು ಮಾತ್ರ ಹಲಗೆಯನ್ನು ಜೊತೆಗೇ ಒಯ್ಯುತ್ತಾರೆ. ಆ ಜಾಗ ಖಾಲಿಯೇ ಉಳಿಯುತ್ತದೆ.

ಕಾನೂನು ಬದಲಾಗಿ ಎಲ್ಲ ಊರಿನ ಹೋಟೆಲುಗಳೂ ನಮಗೆ ಬಾಗಿಲು ತೆರೆದವು. ಒಳ್ಳೆಯದೇ ಆಯಿತು ಅನ್ನಿ. ಆದರೆ ಇಲ್ಲಿಂದ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಅರವತ್ತಾರರ ಈ ಬೇಸಿಗೆಗೆ ಉಳಿದದ್ದು ಹತ್ತೊಂಬತ್ತು ಹಲಗೆ.

ಟಾಲಿವರ್ ಮನೆಯವರು ಬಾರದ ನಾಲ್ಕು ವರ್ಷವೂ ಅವರ ಹಲಗೆ ಹೇಗೆ ಉಳಿಯಿತು? ಪ್ರತಿ ಜೂನ್‌ನಲ್ಲಿ ಆರ್ಡೆಲಾ ಅದನ್ನು ಅವರ ಜಗಲಿ ಕೆಳಗಿನಿಂದ ಎಳೆದು ತಂದು, ತಾನೇ ಮೊಳೆ ಹೊಡೆಯುತ್ತಿದ್ದಳು. ಬೇಸಿಗೆ ಮುಗಿದಾಗ ತಾನೇ ಬಿಚ್ಚಿ ಒಳಗಿಡುತ್ತಿದ್ದಳು. ‘ನಾನು ಉಳಿಸಿದ್ದನ್ನ ಇವನು ಕಿತ್ಕೊಂಡು ಹೋಗೋಕೆ ಬಂದನಲ್ಲ...’ ಎಂದುಕೊಂಡಳು.

ಎರಡು ದಿನ ಟಾಲಿವರ್ ಮನೆಯಿಂದ ಸುತ್ತಿಗೆ ಸದ್ದು ಕೇಳುತ್ತಲೇ ಇತ್ತು. ಆರ್ಡೆಲಾ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಲೆಯಲ್ಲಿದ್ದ ಜೋಳದ ಬ್ರೆಡ್ಡು ಸೀದುಹೋಯಿತು.

“ಕೂತ್ಕೊಳ್ಳೇ, ನೆಲ ಸವೆದೀತು” ಎಂದಳು ಮೀನು ಕರಿಯುತ್ತಿದ್ದ ಓಜೆಲ್ ಅಜ್ಜಿ.

“ಪೆಟ್ಟಿಗೆಗೆ ಮೊಳೆ ಹೊಡೀತಿದ್ದಾನೆ ಅಜ್ಜಿ. ಸಾಮಾನು ಸಾಗಿಸ್ತಾನೆ.”

“ಹೋಗಿ ಕೇಳು.”

“ನಾನ್ಯಾಕೆ ಕೇಳ್ಲಿ?”

“ನಾಲ್ಕು ವರ್ಷ ಅವನ ಹಲಗೆ ಹೊತ್ತವಳು. ಒಂದು ಮಾತು ಅದಕ್ಕಿಂತ ಭಾರವಾ?”

ಮೂರನೆಯ ಬೆಳಗ್ಗೆ ಸುತ್ತಿಗೆ ಸದ್ದಿಲ್ಲ. ಅವನ ಮನೆ ಬಾಗಿಲು ಮುಚ್ಚಿತ್ತು. ‘ಹೋಗೇ ಬಿಟ್ಟನಾ?’ ಆರ್ಡೆಲಾ ಚಪ್ಪಲಿಯನ್ನೂ ಮೆಟ್ಟದೆ ಕೆರೆಯತ್ತ ಓಡಿದಳು.

ಅವನು ಕಟ್ಟೆಯ ಮೇಲಿದ್ದ. ಹದಿನಾಲ್ಕನೇ ಜಾಗದಲ್ಲಿ ಅದೇ ಹಳೆಯ ಹಲಗೆಯನ್ನು ಕೂರಿಸುತ್ತಿದ್ದ. ಅದರ ಒಂದು ತುದಿಗೆ ಹೊಸ ಮರ ಜೋಡಿಸಿತ್ತು.

“ಈ ತುದಿ ಅಡಿಯಿಂದ ಕೊಳೆತಿತ್ತು” ಎಂದ. “ನಾನು ಬಂದಿಳಿದಾಗ ನೀನು ಇದರ ಮೇಲೆ ನಿಂತಿದ್ದೆ, ನನ್ನ ನೋಡ್ಲಿಲ್ಲ. ಹಲಗೆ ಬಗ್ಗಿದ್ದನ್ನ ದೂರದಿಂದ ನೋಡಿ ಜೀವ ಹೋದಂಗಾಯ್ತು.”

“ಅದನ್ನ ಬಾಯಿಬಿಟ್ಟು ಹೇಳೋಕೇನು ಧಾಡಿ?”

“ನೀನು ನಿಂತ್ಕೊಂಡಿದ್ರೆ ತಾನೇ?” ಅವನು ಸುತ್ತಿಗೆ ಕೆಳಗಿಟ್ಟ. “ನಿನ್ನೆ ಅಂಗಡಿಯಿಂದ ಅಮ್ಮನಿಗೆ ಫೋನ್ ಮಾಡ್ದೆ. ಒಪ್ಪಿದ್ರು. ಮನೆ ಮಾರಲ್ಲ. ಚಳಿಗಾಲಾನೂ ಇಲ್ಲೇ ಇದ್ದು ಮರಗೆಲಸ ಮಾಡ್ತೀನಿ.”

“ನಾಲ್ಕು ಬೇಸಿಗೆ ಎಲ್ಲಿದ್ದೆ ಲೂಷನ್?”

“ಅಪ್ಪ ತೀರ್ಕೊಂಡ್ರು, ಮನೆ ಭಾರ ನನ್ನ ತಲೆಗೆ ಬಿತ್ತು. ಒಂದು ವರ್ಷ ತಪ್ಪಿಸ್ದೆ. ಆಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ ಅಂತ ಹಿಂಜರಿದೆ. ಒಂದು ಕಾಗದ ಆದ್ರೂ ಬರೀಬೇಕಿತ್ತು. ತಪ್ಪು ನಂದೇ.”

ಅವನು ಜೇಬಿನಿಂದ ಹಿಡಿ ಮೊಳೆ ತೆಗೆದು ಅಂಗೈ ಚಾಚಿದ. ಒಂದೊಂದೂ ಸೊಟ್ಟ.

“ಅಪ್ಪ ಇಂಥ ಮೊಳೆ ಹೊಡೆದವರಲ್ಲ. ಕೀಳ್ತಾ ಕೀಳ್ತಾ ಗೊತ್ತಾಯ್ತು, ನನ್ನ ಜಾಗ ಯಾರು ಕಾಯ್ತಿದ್ರು ಅಂತ.”

ಆರ್ಡೆಲಾಳ ಕಣ್ಣು ತುಂಬಿತು. “ನಂಗೆ ಸುತ್ತಿಗೆ ಹಿಡಿಯೋಕೆ ಬರಲ್ಲ...”

“ನೋಡ್ದೆ.”

ಅವಳು ನಕ್ಕಳು, ಅತ್ತಳು. ಆದರೂ ಒಳಗಿನ ಕಳವಳ ಅಡಗಲಿಲ್ಲ. “ಚಳಿ ಬಂದ್ರೆ ಮತ್ತೆ ಬಿಚ್ಚಲೇಬೇಕಲ್ಲ ಇದನ್ನ?”

“ಬಿಚ್ಚೋಣ.” ಅವನು ಅವಳ ಕೈ ಹಿಡಿದ. “ಈ ಸಲ ನಿಮ್ಮದು, ನಮ್ಮದು, ಎರಡೂ ಹಲಗೆ ಒಂದೇ ಜಗಲಿ ಕೆಳಗೆ ಇಡೋಣ, ಆರ್ಡಿ.”

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

“ಯಾರ ಜಗಲಿ?”

“ನಿಂಗೆ ಯಾವುದು ಬೇಕೋ ಅದು.”

“ನಮ್ಮದು ಸೋರುತ್ತೆ.”

“ನಾನು ಬಡಗಿ ಕಣೇ.”

ಆರ್ಡೆಲಾ ಕಣ್ಣೊರೆಸಿಕೊಂಡು ಪಕ್ಕದಲ್ಲಿ ಮಂಡಿಯೂರಿದಳು. ಡಬ್ಬಿಯಿಂದ ಹೊಸ ಮೊಳೆಯೊಂದನ್ನು ತೆಗೆದು ಹಲಗೆಯ ಮೇಲೆ ನೆಟ್ಟಗೆ ಹಿಡಿದಳು.

“ಹೊಡಿ” ಎಂದಳು.