ಹಸಿರು ಕಾಳುಗಳ ಓಟ

"ಸಾ, ಓಡ್ತಾವೆ! ಎಲೆ ಒಳಗೆ ಹಸಿರು ಕಾಳು ಓಡ್ತಾವೆ ಸಾ!"

ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ ರಂಜಿತ ಕೂಗಿದಳು.

"ಬುರುಡೆ ಬುಡ್ತಾವ್ಳೆ ಸಾ," ಎಂದ ಶಂಕರ್. "ನಾವೆಲ್ಲ ನೋಡ್ಲಿಲ್ವಾ? ಒಂದೂ ಅಲ್ಲಾಡಾಕಿಲ್ಲ."

ಏಳನೇ ಕ್ಲಾಸು ಗೊಳ್ಳೆಂದು ನಕ್ಕಿತು. ಹೋದ ವಾರ ರಂಜಿತ ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡೆ ಎಂದು ಸಿಂಧಘಟ್ಟ ಊರನ್ನೆಲ್ಲ ಎಬ್ಬಿಸಿದ್ದಳು. ದೊಣ್ಣೆ ಹಿಡಿದು ಹೋದವರಿಗೆ ಸಿಕ್ಕಿದ್ದು ಮಂಚಯ್ಯನವರ ಕಂದು ನಾಯಿ. ಆಮೇಲೆ ಅವಳ ಮಾತನ್ನು ಯಾರೂ ನಂಬುತ್ತಿರಲಿಲ್ಲ.

"ಎಲ್ಲಿ, ನೋಡೋಣ," ಎಂದು ನಾಗರಾಜು ಮೇಷ್ಟ್ರು ಎದ್ದರು. ರಂಜಿತ ಗಡಿಬಿಡಿಯಲ್ಲಿ ಪಕ್ಕಕ್ಕೆ ಸರಿದಳು. ಮೊಣಕೈ ತಾಗಿ ಗಾಜಿನ ಸ್ಲೈಡು ಕೆಳಗೆ ಬಿದ್ದು ಒಡೆಯಿತು.

ಮೈಕ್ರೋಸ್ಕೋಪನ್ನು ಮೇಷ್ಟ್ರು ಕೆ.ಆರ್. ಪೇಟೆಯ ಹೈಸ್ಕೂಲಿನಿಂದ ಕೇಳಿ ತಂದಿದ್ದರು. ಸಂಜೆಯ ಬಸ್ಸಿಗೆ ಅದು ವಾಪಸ್ ಹೋಗಬೇಕು. ಮೇಜಿನ ಕೆಳಗಿನ ಬಕೆಟ್ಟಿನಿಂದ ಕೆರೆಯ ನೀರುಕಳೆಯ ಇನ್ನೊಂದು ಎಲೆ ಕಿತ್ತು, ಬೇರೆ ಸ್ಲೈಡಿನ ಮೇಲಿಟ್ಟು ನೋಡಿದರು.

"ಏನೂ ಓಡ್ತಿಲ್ವಲ್ಲಮ್ಮ."

ರಂಜಿತ ಬೆಂಚಿಗೆ ಬಂದು ಕೂತಾಗ ಗೆಳತಿ ಮಾನಸ ಪಿಸುಗುಟ್ಟಿದಳು: "ನಂಗೂ ಏನೂ ಕಾಣ್ಲಿಲ್ಲ ಕಣೇ. ನೀನ್ಯಾಕೆ ಯಾವಾಗ್ಲೂ ಇಂಗೆ?"

ಶಂಕರ್ ಆಡಿದ್ದಕ್ಕಿಂತ ಈ ಮಾತು ಅವಳನ್ನು ಹೆಚ್ಚು ನೋಯಿಸಿತು.

ಊಟದ ಬೆಲ್ಲು ಹೊಡೆಯಿತು. ರಂಜಿತ ಬಕೆಟ್ಟಿಗೆ ಕೈ ಅದ್ದಿದಳು. ಡಿಸೆಂಬರಿನ ಚಳಿ, ನೀರು ಕೊರೆಯುತ್ತಿತ್ತು. ಮೇಷ್ಟ್ರು ನೋಡಿದ ಎಲೆ ಆಗಷ್ಟೇ ಈ ನೀರಿನಿಂದ ಬಂದದ್ದು. ಆದರೆ ತಾನು ನೋಡುವಾಗ ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತಲ್ಲ? ಕೆನ್ನೆ ಕೂಡ ಬೆಚ್ಚಗಾಗಿತ್ತು. ಮಾನಸ, ಶಂಕರ್ ನೋಡಿದಾಗ ಬಿಸಿಲು ಇನ್ನೂ ಅಷ್ಟು ದೂರ ಬಂದಿರಲಿಲ್ಲ.

ಅವಳು ಊಟದ ಡಬ್ಬಿಯ ಮುಚ್ಚಳಕ್ಕೆ ನೀರು ಹಾಕಿ, ಕಳೆಯ ಒಂದು ಎಳೆ ಬಿಟ್ಟು, ಜಗಲಿಯ ಬಿಸಿಲಲ್ಲಿಟ್ಟಳು. ಕಾಗೆ ಬಾರದಂತೆ ಪಕ್ಕದಲ್ಲೇ ಕೂತು ಮುದ್ದೆ ತಿಂದಳು.

"ಸಾ, ಇನ್ನೊಂದೇ ಸಲ," ಎಂದಳು, ಊಟದ ಹೊತ್ತು ಮುಗಿದ ಮೇಲೆ ಮುಚ್ಚಳವನ್ನು ಮೇಜಿಗೆ ತಂದಿಟ್ಟು.

ಮೇಷ್ಟ್ರು ಗಡಿಯಾರ ನೋಡಿಕೊಂಡರು. ಆಮೇಲೆ ಮುಚ್ಚಳದಲ್ಲಿದ್ದ ಎಳೆಯಿಂದ ಎಲೆ ಕಿತ್ತು ಸ್ಲೈಡಿನ ಮೇಲೆ ಇಟ್ಟುಕೊಟ್ಟರು.

ರಂಜಿತ ಕಣ್ಣಿಟ್ಟಳು. ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದ ಕೋಣೆಗಳು. ಮೊದಲು ಎಲ್ಲ ನಿಂತಂತೆಯೇ ಇತ್ತು. ಆಮೇಲೆ ಒಂದು ಕಾಳು ಗೋಡೆ ಹಿಡಿದು ಜಾರಿತು. ಅದರ ಹಿಂದೆ ಇನ್ನೊಂದು. ಮೂಲೆಯಲ್ಲಿ ತಿರುಗಿ, ಆಚೆ ಗೋಡೆ ಹಿಡಿದು ಮತ್ತೆ ಹೊರಟವು.

ಈ ಸಲ ಅವಳು ಕೂಗಲಿಲ್ಲ. "ನೀವೇ ನೋಡಿ ಸಾ," ಎಂದಳು.

ಮೇಷ್ಟ್ರು ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಓಡ್ತವೆ ಕಣಮ್ಮ!" ಅವರ ದನಿ ಚಿಕ್ಕ ಹುಡುಗನದಾಗಿತ್ತು. "ಎಲ್ರೂ ಬನ್ರೋ. ಈ ಒಂದೊಂದು ಕೋಣೇನೂ ಒಂದು ಜೀವಕೋಶ. ಅದರೊಳಗೆ ಲೋಳೆಯಂಥ ರಸ ಇರ್ತದೆ, ಕೋಶದ್ರವ್ಯ ಅಂತ. ಆ ರಸ ಹರೀತದೆ, ಎಲೆಗೆ ಹಸಿರು ಬಣ್ಣ ಕೊಡೋ ಈ ಕಾಳು ಅದ್ರ ಜೊತೆ ತೇಲ್ಕೊಂಡು ಹೋಗ್ತವೆ. ಕೋಶಕ್ಕೆ ಬೇಕಾದ ಆಹಾರಾನೂ ಹಿಂಗೇ ಮೂಲೆಮೂಲೆಗೂ ಸಾಗ್ತದೆ. ಚಳೀಲಿ ಹರಿಯೋದು ನಿಧಾನ. ಬಿಸಿಲು ತಾಕ್ತು ನೋಡಿ, ಹೊರಟ್ವು."

ಶಂಕರ್ ನೋಡಿದ. "ಅಯ್ಯೋ, ದಿಟ ಕಣ್ರಲಾ!" ಎಂದು ಕುಣಿದ.

ಮಾನಸ ಮಾತ್ರ ದೂರ ನಿಂತಿದ್ದಳು. "ಬೆಳಿಗ್ಗೆ ನಂಗೆ ನಿಜವಾಗ್ಲೂ ಕಾಣ್ಲಿಲ್ಲ ಕಣೇ," ಎಂದಳು, ನೆಲ ನೋಡುತ್ತ.

ರಂಜಿತ ಅವಳ ಮುಖ ನೋಡಿದಳು. ಬೆಳಿಗ್ಗೆಯಿಂದ ಎದೆಯಲ್ಲಿ ಕಟ್ಟಿಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ನೀ ನೋಡ್ದಾಗ ಅವು ನಿಂತಿದ್ವು," ಎಂದಳು. "ಬಾ."

ಮಾನಸ ಬಂದು ಬಗ್ಗಿದಳು. ಬಿಸಿಲಿಗೆ ತನ್ನ ನೆರಳು ಅಡ್ಡ ಬರದಂತೆ ರಂಜಿತ ಪಕ್ಕಕ್ಕೆ ಸರಿದು ನಿಂತಳು.