ಹಗಲಿನ ಗಂಡ

ಬ್ರಿಟಿಷರ ಪಡೆಯಲ್ಲಿ ಬರ್ಮಾ ಯುದ್ಧ ಮುಗಿಸಿ ಯೆಸಾಯ ಆಫ್ರಿಕಾದ ನ್ಯಾಸಾ ಸರೋವರದ ದಂಡೆಯ ತನ್ನ ಊರಿಗೆ ಮರಳಿದ್ದ. ದೋಣಿಯ ಪಕ್ಕ ಬೆನ್ನು ಹಾಕಿ ಕೂತಿದ್ದವನನ್ನು ಎಲೆಸಿ ದೂರದಿಂದಲೇ ಗುರುತಿಸಿದಳು. ಮದುವೆಯ ಮಾತಾಗಿ, ಅವನಿಗಾಗಿ ವರ್ಷಗಟ್ಟಲೆ ಕಾದವಳು. ನಗು ತಡೆದುಕೊಂಡು, ಮರಳ ಮೇಲೆ ಸದ್ದಿಲ್ಲದೆ ಬಂದು, ಹಿಂದಿನಿಂದ ಅವನ ಕಣ್ಣು ಮುಚ್ಚಿದಳು.

ಮರುಕ್ಷಣ ಅವಳು ಅಂಗಾತ ಬಿದ್ದಿದ್ದಳು. ಅವನ ಕೈ ಅವಳ ಕುತ್ತಿಗೆಯ ಮೇಲಿತ್ತು. ಮೀನು ಒಣಹಾಕುತ್ತಿದ್ದ ಹೆಂಗಸರು ಓಡಿಬಂದು ಬಿಡಿಸಿದರು.

ಅಂದಿನಿಂದ ಅವಳನ್ನು ಕಂಡರೆ ಅವನು ದಾರಿ ಬದಲಿಸತೊಡಗಿದ.

“ಬರ್ಮಾದಲ್ಲಿ ಒಬ್ಬಳನ್ನ ಇಟ್ಕೊಂಡಿದ್ದ ಕಣೇ,” ಎಂದಳು ಅತ್ತಿಗೆ, ಮರಗೆಣಸು ಕುಟ್ಟುತ್ತ. “ಇಲ್ದಿದ್ರೆ ಯಾರಾದ್ರೂ ಹೀಗೆ ಮುಖ ತಪ್ಪಿಸ್ತಾರಾ?”

ಎಲೆಸಿ ಒನಕೆ ಕೆಳಗಿಟ್ಟು ನೆಟ್ಟಗೆ ದಂಡೆಗೆ ನಡೆದಳು. ಈ ಸಲ ಅವನ ಎದುರಿಗೇ ನಿಂತಳು.

“ಯಾರವಳು? ನನಗಿಂತ ಚೆನ್ನಾಗಿದ್ಲಾ?”

ಅವನ ತುಟಿಯಂಚು ಒಂದಿಷ್ಟು ಅಲುಗಿತು. ನಗುವಾಗಲಿಲ್ಲ.

“ಅವಳಲ್ಲ, ಅವನು. ಯೋನಾ ಅಂತ, ನಮ್ಮ ತುಕಡಿಯೋನು. ನಾನು ಕಾವಲಿಗಿದ್ದೆ. ನೀರು ತಂದು ಹಿಂದಿನಿಂದ ಹೆಗಲು ಮುಟ್ಟಿದ. ಕತ್ತಿ ಹಾಕ್ಬಿಟ್ಟೆ. ಆಮೇಲೆ ಮುಖ ನೋಡ್ದೆ. ಶತ್ರು ಕೊಂದ ಅಂತ ಅವನವ್ವನಿಗೆ ತಿಳಿಸಿದ್ರು. ನಾನೂ ಸುಮ್ನಿದ್ದೆ.”

ಎಲೆಸಿಗೆ ಅವನ ಕೈ ಹಿಡಿಯಬೇಕೆನಿಸಿತು. ಹೆದರಿಕೆಯೂ ಆಯಿತು.

“ದೂರದ ಗಣಿ ಕೆಲಸಕ್ಕೆ ಹೋಗ್ತೀನಿ. ನೀನು ಬೇರೆಯವನನ್ನ ಮದ್ವೆ ಆಗು. ನಿದ್ದೇಲಿ ಈ ಕೈಗೆ ನೀನ್ಯಾರು ಅಂತ ಗೊತ್ತಾಗಲ್ಲ ಎಲೆಸಿ.”

“ಹಾಗಾದ್ರೆ ರಾತ್ರಿ ನಾನು ಅವ್ವನ ಮನೇಲಿ ಮಲಗ್ತೀನಿ. ಹಗಲು ನಿನ್ನ ಹೆಂಡತಿ.”

“ಊರು ನಗುತ್ತೆ.”

“ನಗಲಿ. ನೀನಿಲ್ದೆ ಇರೋಕೆ ನನ್ನ ಕೈಲಾಗಲ್ಲ. ಇದ್ದು ನೋಡಿದ್ದೀನಿ.”

ಮದುವೆಯಾಯಿತು. ಊರು ನಕ್ಕಿತು. ಬೆಳಿಗ್ಗೆ ಬಂದು ಅವಳು ಗಂಜಿ ಕಾಯಿಸುವಳು. ಬಲೆ ಹೆಣೆಯುತ್ತ ಅವನು ಕದ್ದು ಕದ್ದು ಅವಳನ್ನೇ ನೋಡುವನು. ಸಿಕ್ಕಿಬಿದ್ದರೆ ಇಬ್ಬರಿಗೂ ನಗು. ಹೊತ್ತು ಇಳಿದು ಅವಳು ಎದ್ದು ಹೊರಟಾಗ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಬಲೆಯ ಮೇಲೆಯೇ ನಿದ್ದೆಹೋದ. ಎಲೆಸಿ ಅಂಗಳದಾಚೆ ಗೋಡೆಗೊರಗಿ ಕೂತಳು. ಬೆವರಿದ ಅವನ ಹಣೆಗೆ ಅಂಟಿದ್ದ ದಾರದ ಎಳೆ ತೆಗೆಯಲು ಅವಳ ಬೆರಳು ಚಡಪಡಿಸಿದವು. ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದಳು.

ನಿದ್ದೆಯಲ್ಲೇ ಯೋನಾನ ಹೆಸರು ಕೂಗಿ ಅವನು ಹೌಹಾರಿ ಎದ್ದ. ಕೈ ಗಾಳಿಯಲ್ಲಿ ತಡಕಾಡಿತು. ಆಮೇಲೆ ಅವಳು ಕಂಡಳು.

“ನೀನಾ?”

“ನಾನೇ.”

“ಅಷ್ಟು ದೂರ ಯಾಕೆ ಕೂತೆ?”

ಎಲೆಸಿ ಮೊಣಕಾಲಿಗೆ ಮುಖವಿಟ್ಟು ಬಿಕ್ಕಿದಳು. ಅವನೇ ಎದ್ದು ಬಂದು ಎದುರು ಕೂತ. ತನ್ನೆರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿ, ಅವಳ ನೆತ್ತಿಗೆ ಹಣೆ ಒರಗಿಸಿದ.