ಕ್ರೋಕೆಟ್ ತಟ್ಟೆಯ ಮೇಲೊಂದು ಪದ್ಯ

ಸೂಪರ್ ಮಾರ್ಕೆಟ್ಟಿನ ತಿಂಡಿ ವಿಭಾಗದಲ್ಲಿ, ಕರಿದ ಆಲೂ ಕ್ರೋಕೆಟ್ ತಟ್ಟೆಗಳ ಮೇಲೆ ತೂಗುತ್ತಿದ್ದ ಕೈಬರಹದ ಬೋರ್ಡು ಕಂಡು ಚಿಜುರು ಬುಟ್ಟಿ ಹಿಡಿದಲ್ಲೇ ನಿಂತುಬಿಟ್ಟಳು.

'ಎರಡಕ್ಕೆ 98 ಯೆನ್' ಎಂಬುದರ ಕೆಳಗೆ ಅವಳದೇ ಪದ್ಯ!

ಅರ್ಧ ಬೆಲೆಯ
ಹಳದಿ ಚೀಟಿ ಅಂಟಿಸುವ
ನಿನ್ನ ಬೆರಳು
ನನ್ನ ಕಡೆಗೂ ಒಮ್ಮೆ
ತಪ್ಪಿ ಬಂದರೆ ಸಾಕು

ತಂಕಾ ಎಂಬ ಜಪಾನಿ ಕಿರುಗವಿತೆಯ ಕೂಟಕ್ಕೆ ಹೋದ ತಿಂಗಳು ಹೆಸರಿಲ್ಲದೆ ಕೊಟ್ಟಿದ್ದ ಐದು ಸಾಲು. ಒಂದೂ ಮತ ಬೀಳಲಿಲ್ಲ. ಮತ ಬೀಳದ ಪದ್ಯ ಯಾರದೆಂದು ಆ ಕೂಟದಲ್ಲಿ ಕೇಳುವುದಿಲ್ಲ. ಸದ್ಯ, ಬಚಾವಾದೆ ಅಂದುಕೊಂಡಿದ್ದಳು...

ಆ ಬೆರಳಿನ ಒಡೆಯ, ಸಂಜೆ ಉಳಿದ ತಿಂಡಿಗೆ ಚೀಟಿ ಅಂಟಿಸುವ ಅಂಗಡಿಯ ಹುಡುಗ ಹಯಾಸೆ ಇಲ್ಲೇ ನಿಂತಿದ್ದ. ಅವನೂ ಕೂಟದವನೇ, ಆ ಭಾನುವಾರ ಡ್ಯೂಟಿಯಿತ್ತೆಂದು ಬಂದಿರಲಿಲ್ಲ.

"ಕವಿತೆ ಇಟ್ಟು ಕ್ರೋಕೆಟ್ ಮಾರ್ತೀರಾ? ನಾಚಿಕೆ ಆಗಲ್ವಾ ನಿಮಗೆ?" ಚಿಜುರು ರೇಗಿದಳು.

"ಮಾರಾಟ ಎಲ್ಲಿ ಬಂತು! ಜನ ಓದ್ತಾ ನಿಂತ್ಕೋತಾರೆ, ಕೊಳ್ಳಲ್ಲ. ಬೋರ್ಡು ತೆಗೆದು ಬಿಸಾಕು ಅಂತ ಮ್ಯಾನೇಜರ್ ಬೈದ್ರು."

ಪಕ್ಕದಲ್ಲೇ ಸೊಪ್ಪು ಆರಿಸುತ್ತಿದ್ದ ಕೂಟದ ಮೊರಿವಾಕಿ ಅಜ್ಜಿ ನಕ್ಕರು. "ಬಿಸಾಕಪ್ಪಾ! ರಿಯಾಯಿತಿ ಚೀಟಿಗೆ ಮನಸ್ಸು ಕೊಟ್ಟಿರೋ ಪೆದ್ದಿ ಯಾರೋ!"

ಚಿಜುರುವಿನ ಕಿವಿ ಬಿಸಿಯಾಯಿತು. ನನ್ನದು ಅಂದರೆ ಎಲ್ಲ ಬಯಲು. ಸುಮ್ಮನಿದ್ದರೆ ಪದ್ಯ ಕಸದ ಬುಟ್ಟಿಗೆ. ಇವನು ಗೇಲಿ ಮಾಡಲು ತೂಗುಹಾಕಿದನೋ, ಅಥವಾ...?

"ಬರೆದೋರನ್ನ ಕೇಳದೆ ಯಾಕೆ ಹಾಕಿದ್ರಿ?"

"ಕೇಳೋಕೆ ಯಾರಂತ ಗೊತ್ತಾಗ್ಬೇಕಲ್ಲ! ಆಮೇಲೆ ಕೂಟದ ಪದ್ಯಗಳ ಹಾಳೆ ಸಿಕ್ತು, ಓದಿದೆ. ನಾನಿದ್ದಿದ್ರೆ ಇದಕ್ಕೇ ಮತ ಹಾಕ್ತಿದ್ದೆ." ಹಯಾಸೆಯ ದನಿ ಇಳಿಯಿತು. "ಕೂಟದೋರೆಲ್ಲ ಇಲ್ಲಿಗೇ ಬರ್ತಾರೆ. ಬರೆದೋರು ಜಗಳಕ್ಕಾದ್ರೂ ಬರ್ತಾರೆ ಅನ್ಕೊಂಡೆ. ಒಂಬತ್ತು ದಿನದಿಂದ ಕಾಯ್ತಿದೀನಿ... ಯಾರೂ ಬರ್ಲಿಲ್ಲ."

ಅವನ ಕೈ ಬೋರ್ಡಿನತ್ತ ಹೋಯಿತು. ದಾರ ಬಿಚ್ಚತೊಡಗಿದ.

"ತೆಗೀಬೇಡಿ!"

ಅಜ್ಜಿಯ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು.

"ಆ ಪೆದ್ದಿ... ನಾನೇ."

ಅಯ್ಯೋ, ಹೇಳಿಯೇಬಿಟ್ಟೆನಾ!

ಹಯಾಸೆ ದಾರ ಬಿಟ್ಟ. ಜೇಬಿನಲ್ಲಿದ್ದ ಹಳದಿ ಚೀಟಿಗಳ ಸುರುಳಿಯನ್ನು ತೆಗೆದು ಕ್ರೋಕೆಟ್ ಪಕ್ಕ ಇಟ್ಟ. ಆಮೇಲೆ ಪ್ಲಾಸ್ಟಿಕ್ ಕೈಗವಸು ಕಳಚಿದ.

"ಈ ಅಂಗಡೀಲಿ ಚೀಟಿ ಅಂಟಿಸೋನು ನಾನೊಬ್ನೇ, ಚಿಜುರು ಅವ್ರೇ. ಅದು ನೀವೇ ಆಗಿರ್ಲಿ ಅಂತ ದಿನಾ ಅನ್ಕೋತಿದ್ದೆ." ಬರಿಗೈ ಮುಂದೆ ಚಾಚಿ ಅರ್ಧಕ್ಕೇ ನಿಲ್ಲಿಸಿದ. "ತಪ್ಪಿ ಬರ್ಬೇಕಾ?"

ಅವಳ ಕಣ್ಣು ತುಂಬಿತು.

"ಬೇಡ... ಬೇಕಂತಲೇ ಬರ್ಲಿ."